ಕನ್ನಡಿ ಬ್ರಾಕೆಟ್‌ನ ಸಿಬಿ ಆಂಟೆನಾ: ಎಸ್‌ಡಬ್ಲ್ಯುಆರ್ ಇಳಿಯುತ್ತಿಲ್ಲ
ಟ್ರಕ್‌ನ ಸಿಬಿಯಲ್ಲಿ (ಚಾಲಕರು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋ) 1, 19, 40, ಮೂರೂ ಚಾನೆಲ್‌ನಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅನ್ನೋದನ್ನು ತೋರಿಸುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 3 ದಾಟುತ್ತಿದೆ ಅಂದರೆ ಅದು ಆಂಟೆನಾ ಉದ್ದದ ತಪ್ಪಲ್ಲ, ಹೆಚ್ಚಾಗಿ ಗ್ರೌಂಡ್ (ಟ್ರಕ್‌ನ ಲೋಹದ ಮೈಗೆ ವಿದ್ಯುತ್ ಸಂಪರ್ಕ) ಸಿಕ್ಕಿಲ್ಲ. ಈಗಿನ ಎಷ್ಟೋ ಸೆಮಿ ಟ್ರಕ್‌ಗಳಲ್ಲಿ ಕನ್ನಡಿ ಬ್ರಾಕೆಟ್ ಪ್ಲಾಸ್ಟಿಕ್, ರಬ್ಬರ್ ಮೇಲೆ ಕೂತಿರುತ್ತದೆ. ನೋಡೋಕೆ ಲೋಹ, ಆದರೆ ಚಾಸಿಗೆ ಸಂಪರ್ಕವೇ ಇರುವುದಿಲ್ಲ.

ಮೊದಲು ರೇಡಿಯೋದಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್ ಎರಡೂ ಕಡೆ ಬಿಚ್ಚಿ. ಇಲ್ಲದಿದ್ದರೆ ರೇಡಿಯೋ ಮೂಲಕವೇ ಗ್ರೌಂಡ್ ಸಿಕ್ಕಿ ಮೀಟರ್ ಸುಳ್ಳು ಹೇಳುತ್ತದೆ. ನಾನೂ ಇಲ್ಲೇ ಮೋಸ ಹೋಗಿದ್ದೆ. ಈಗ ಮಲ್ಟಿಮೀಟರ್‌ನಿಂದ ಬ್ರಾಕೆಟ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಅಳೆಯಿರಿ. 1 ಓಮ್ ಒಳಗೆ ಇರಬೇಕು. ಜಾಸ್ತಿ ಬಂದರೆ ಹೆಣೆದ ತಾಮ್ರದ ಅಗಲ ಪಟ್ಟಿಯನ್ನು ಬ್ರಾಕೆಟ್‌ನಿಂದ ಕ್ಯಾಬ್‌ನ ಲೋಹಕ್ಕೆ ಬೋಲ್ಟ್ ಮಾಡಿ. ಆದಷ್ಟು ಗಿಡ್ಡ ಇರಲಿ. ಎರಡೂ ತುದಿಯಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಬೇಕು, ಸುಮ್ನೆ ಬಣ್ಣದ ಮೇಲೆ ಬಿಗಿದರೆ ಪ್ರಯೋಜನವಿಲ್ಲ.

ಗ್ರೌಂಡ್ ಸರಿ ಇದ್ದರೆ ಸ್ಟಡ್‌ನ (ಬ್ರಾಕೆಟ್ ಮೇಲೆ ಆಂಟೆನಾ ಕೂರುವ ಬೋಲ್ಟ್) ನೈಲಾನ್ ವಾಷರ್ ನೋಡಿ. ಅದು ಜರುಗಿದ್ದರೆ ಸೀದಾ ಶಾರ್ಟ್. ಆಂಟೆನಾ ತೆಗೆದಾಗ ಸ್ಟಡ್‌ಗೂ ಬ್ರಾಕೆಟ್‌ಗೂ ಸಂಪರ್ಕ ತೋರಿಸಬಾರದು.

ಆಮೇಲೆ ಕೇಬಲ್, ಆಂಟೆನಾ ಮತ್ತೆ ಹಾಕಿ, ಟ್ರಕ್ ಬಯಲಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ ಎಸ್‌ಡಬ್ಲ್ಯುಆರ್ ಮತ್ತೆ ಅಳೆಯಿರಿ. 40ನೇ ಚಾನೆಲ್‌ಗಿಂತ 1ರಲ್ಲಿ ಜಾಸ್ತಿ ಇದ್ದರೆ ಆಂಟೆನಾ ಗಿಡ್ಡ, ಉಲ್ಟಾ ಇದ್ದರೆ ಉದ್ದ. ಎಸ್‌ಡಬ್ಲ್ಯುಆರ್ 2ರ ಕೆಳಗೆ ಇಳಿಯುವವರೆಗೆ ಮೈಕ್ ಬಟನ್ ಜಾಸ್ತಿ ಹೊತ್ತು ಒತ್ತಬೇಡಿ.