ಮತ್ತೆ ಕುಡಿದೆ, ಕರ್ತನ ಭೋಜನ ತಗೊಳ್ಳಬಹುದಾ? (ಪ್ರತಿಕ್ರಿಯೆ)

ಬಿಟ್ಟ ಕುಡಿತ ಮತ್ತೆ ಶುರುವಾಯ್ತು, ಇನ್ನು ಕರ್ತನ ಭೋಜನಕ್ಕೆ (ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವುದು) ಯೋಗ್ಯತೆ ಇಲ್ಲ ಅನ್ನುವ ನಿಮ್ಮ ಈ ಭಯ ಬಹುಶಃ ಬೈಬಲಿನ 1 ಕೊರಿಂಥ 11:27 (ಅಯೋಗ್ಯವಾಗಿ ತಿಂದು ಕುಡಿದವನು ಅಪರಾಧಿ ಅನ್ನುವ ವಚನ) ಒಂದನ್ನೇ ಓದಿ ಬಂದದ್ದು. ಮೊದಲು 20ರಿಂದ 34ರವರೆಗೆ ಓದಿ. ಕೊರಿಂಥದ ಸಭೆಗೆ ಈ ಪತ್ರ ಬರೆದ ಪೌಲ ಬೈದದ್ದು, ಆ ಭೋಜನದಲ್ಲಿ ಬಡವರು ಹಸಿದಿರುವಾಗ ತಾವೇ ಮೊದಲು ಉಂಡವರನ್ನು. ಅಲ್ಲೇ ಅಮಲೇರಿಸಿಕೊಂಡವರೂ ಇದ್ದರು! ಅಂಥವರಿಗೂ ಪರೀಕ್ಷಿಸಿಕೊಂಡು ತಿನ್ನಿ ಅಂದ, ದೂರ ಇರಿ ಅನ್ನಲಿಲ್ಲ.

ಆಮೇಲೆ ಯೋಹಾನ 21. ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಅಂದಿದ್ದ ಶಿಷ್ಯ ಪೇತ್ರನಿಗೆ ಅದೇ ಯೇಸು ಕೆಂಡದ ಮೇಲೆ ಮೀನು ಸುಟ್ಟು ಇಟ್ಟಿದ್ದ. ಊಟ ಮೊದಲು, ನನ್ನನ್ನು ಪ್ರೀತಿಸುತ್ತೀಯಾ ಅನ್ನುವ ಪ್ರಶ್ನೆ ಆಮೇಲೆ.

ಭಾನುವಾರಕ್ಕೆ ಮುಂಚೆ ಸಭಾಪಾಲಕರ ಹತ್ತಿರ ಮುಚ್ಚಿಡದೆ ಮಾತಾಡಿ. ಕಥೋಲಿಕರಾದರೆ ಮೊದಲು ಪಾದ್ರಿಯ ಹತ್ತಿರ ಪಾಪನಿವೇದನೆ. ಕುಡಿಯುವ ಆಸೆ ಪ್ರಾರ್ಥನೆಯಿಂದ ತಕ್ಷಣ ಹೋಗುತ್ತೆ ಅಂತ ಹೇಳಲಾರೆ. ದಿನಾ ಕುಡಿಯುತ್ತಿದ್ದರೆ ಸುಮ್ನೆ ಒಮ್ಮೆಗೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ನಿಲ್ಲಿಸಿ ಕೈ ನಡುಗುತ್ತಿದ್ದರೆ ಇವತ್ತೇ ಹೋಗಿ.