ಆರನೆಯ ಪುಟವನ್ನು ಮಾತ್ರ ಇಟ್ಟುಕೊಂಡಿದ್ದೇನೆ

ಕೊಪ್ಪಳದ ತಂಗಿಗೆ, ನಮಸ್ಕಾರ.

ಎರಡನೆಯ ಮಹಾಯುದ್ಧದಲ್ಲಿ ಕಾಣೆಯಾದ ವಾಯುಪಡೆಯ ಮುತ್ತಜ್ಜನ ಬಗ್ಗೆ ನೀವು ಬರೆದ ‘ನೀಲಿ ನಭದ ವೀರ’ ಎಂಬ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈ ರೂಪದಲ್ಲಿ ಅದನ್ನು ಅಚ್ಚು ಹಾಕಲಾರೆ. ಒಂಬತ್ತು ಪುಟಗಳಲ್ಲಿ ಎಂಟನ್ನು ಹಿಂದಿರುಗಿಸುತ್ತಿದ್ದೇನೆ. ಆರನೆಯದು ನನ್ನ ಮೇಜಿನ ಮೇಲೆಯೇ ಇದೆ, ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಮೊದಲ ಎರಡು ಪುಟಗಳ ಮಾತು ಬೇಗ ಮುಗಿಸುತ್ತೇನೆ. ಗರುಡ, ಸಿಡಿಲು, ಭಾರತಾಂಬೆ, ರಣಕಹಳೆ. ಇವೆಲ್ಲ ಶಾಲೆಯ ಭಾಷಣ ಸ್ಪರ್ಧೆಯಿಂದ ಬಂದ ಸಾಮಾನುಗಳು. ನಿಮ್ಮ ಮುತ್ತಜ್ಜನ ಮುಖ ಅಲ್ಲಿ ಒಂದು ಸಲವೂ ಕಾಣಲಿಲ್ಲ. ಹೊಡೆದುಹಾಕಿ.

ಮೂರನೆಯ ಪುಟದಲ್ಲಿ ತಪ್ಪುಗಳಿವೆ. ಅವರು ‘ಮೈಸೂರು ಸಂಸ್ಥಾನದ ಬಳ್ಳಾರಿಯಲ್ಲಿ’ ಓದಿದರು ಎಂದು ಬರೆದಿದ್ದೀರಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, ಮೈಸೂರಿಗೆ ಬಂದದ್ದು 1953ರಲ್ಲಿ. ನಿಮ್ಮ ಊರಿದ್ದದ್ದು ನಿಜಾಮರ ಸೀಮೆಯಲ್ಲಿ. ನಡುವೆ ತುಂಗಭದ್ರೆ. ಹುಡುಗನೊಬ್ಬ ಹೈಸ್ಕೂಲಿಗೆಂದು ಹೊಳೆ ದಾಟಿದರೆ ಸರ್ಕಾರವೇ ಬದಲಾಗುತ್ತಿತ್ತು. ಇದನ್ನು ಗಮನಿಸಿದ್ದರೆ ಎರಡು ಪುಟಗಳ ಅಲಂಕಾರ ಮಾಡಲಾರದ ಕೆಲಸವನ್ನು ಆ ದೋಣಿಯೊಂದೇ ಮಾಡಿಬಿಡುತ್ತಿತ್ತು.

ಇನ್ನೊಂದು, ಸ್ವಲ್ಪ ದೊಡ್ಡ ತಪ್ಪು. ಅವರು ‘ಹೈದರಾಬಾದ್ ಸ್ಕ್ವಾಡ್ರನ್ನಿನಲ್ಲಿ ಸ್ಪಿಟ್‌ಫೈರ್ ಹಾರಿಸುತ್ತಿದ್ದರು’ ಎಂದಿದ್ದೀರಿ. ಆ ಹೆಸರಿನ 152ನೆಯ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಇತ್ತು, ಬರ್ಮಾ ರಂಗದಲ್ಲಿ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನಗಳನ್ನು ಹಾರಿಸಿದ್ದೂ ನಿಜ. ಆದರೆ ಅದು ಬ್ರಿಟನ್ನಿನ ವಾಯುಪಡೆಯದು. ನಿಜಾಮರು ಕೊಟ್ಟ ಹಣಕ್ಕಾಗಿ ಹೈದರಾಬಾದಿನ ಹೆಸರು, ಲಾಂಛನದಲ್ಲಿ ನಿಜಾಮರ ಪೇಟ. ಹೆಸರು ಹೈದರಾಬಾದಿನದೆಂದ ಮಾತ್ರಕ್ಕೆ ಕೊಪ್ಪಳದ ಹುಡುಗ ಅದರಲ್ಲಿದ್ದ ಎಂದಾಗುವುದಿಲ್ಲ. ಅದೂ ಅಲ್ಲದೆ, ಅದೇ ಪುಟದ ಕೆಳಗೆ ಮನೆಯಲ್ಲಿರುವ ಕಾಗದವೊಂದರಲ್ಲಿ ‘ಏರ್ ಗನ್ನರ್’, ಅಂದರೆ ವಿಮಾನದೊಳಗಿನ ಬಂದೂಕು ನಡೆಸುವವನು, ಎಂದಿದೆ ಎಂದು ನೀವೇ ಬರೆದಿದ್ದೀರಿ. ಯುದ್ಧದ ಸ್ಪಿಟ್‌ಫೈರ್‌ಗೆ ಇದ್ದದ್ದು ಒಂದೇ ಆಸನ. ಗನ್ನರ್ ಎಲ್ಲಿ ಕುಳಿತುಕೊಳ್ಳಬೇಕು?

1944ರಲ್ಲಿ ಭಾರತೀಯ ವಾಯುಪಡೆಯ 7 ಮತ್ತು 8ನೆಯ ಸ್ಕ್ವಾಡ್ರನ್‌ಗಳು ಬರ್ಮಾ ರಂಗದಲ್ಲಿ ವೆಂಜನ್ಸ್ ಎಂಬ ಬಾಂಬರ್ ಹಾರಿಸುತ್ತಿದ್ದವು. ಅದರಲ್ಲಿ ಇಬ್ಬರು: ಮುಂದೆ ಪೈಲಟ್, ಹಿಂದೆ ಬಾಲದ ಕಡೆಗೆ ಮುಖ ಮಾಡಿ ಕೂರಬಲ್ಲ ಗನ್ನರ್. ಗುರಿಯ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಧುಮುಕಿ ಬಾಂಬು ಬಿಟ್ಟು ಮೇಲೇಳುವ ವಿಮಾನ ಅದು. ನಿಮ್ಮ ಮುತ್ತಜ್ಜ ಅದರಲ್ಲೇ ಇದ್ದರು ಎಂದು ನಾನು ಹೇಳುತ್ತಿಲ್ಲ. ನೀವೂ ಹಾಗೆ ಬರೆದುಬಿಡಬೇಡಿ. ಕಾಗದದಲ್ಲಿ ಸರ್ವಿಸ್ ನಂಬರು, ಸ್ಕ್ವಾಡ್ರನ್ ನಂಬರು ಇರಬಹುದು. ಭೂತಗನ್ನಡಿ ಹಿಡಿದು ಓದಿ.

‘ಅವರ ಸಮಾಧಿ ಸಿಂಗಪುರದಲ್ಲಿದೆ’ ಎಂಬುದನ್ನೂ ತಿದ್ದಬೇಕು. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳ ಮೇಲೆ 24 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಸಮಾಧಿ ಎಲ್ಲಿದೆಯೆಂದು ಗೊತ್ತಿಲ್ಲದವರ ಹೆಸರುಗಳು ಅವು. ದಕ್ಷಿಣ ಮತ್ತು ಪೂರ್ವ ಏಷ್ಯಾದ ಕಾಡು, ಕಡಲುಗಳ ಮೇಲೆ ಕಾಣೆಯಾದ ವಿಮಾನದವರನ್ನೂ ಅಲ್ಲಿಯೇ ಬರೆದಿದ್ದಾರೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಮೊಬೈಲಿನಲ್ಲೇ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ. ಆಗಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ಆದ್ದರಿಂದ ನಾಲ್ಕಾರು ಬಗೆಯ ಸ್ಪೆಲ್ಲಿಂಗ್ ಹಾಕಿ ನೋಡಿ.

ನಾಲ್ಕು ಮತ್ತು ಐದನೆಯ ಪುಟಗಳ ಆಕಾಶಯುದ್ಧವನ್ನು ನೀವು ಎಲ್ಲಿ ನೋಡಿದಿರಿ? ಮೂರು ಜಪಾನಿ ವಿಮಾನಗಳನ್ನು ಉರುಳಿಸಿ ನಗುತ್ತಾ ಬೆಂಕಿಗೆ ಆಹುತಿಯಾದರು ಎಂದು ಹೇಳಲು ಯಾರು ಮರಳಿ ಬಂದರು? ಯಾರಾದರೂ ಬಂದು ಹೇಳಿದ್ದರೆ ಮನೆಗೆ ಬಂದ ತಂತಿಯಲ್ಲಿ ‘ಮಿಸ್ಸಿಂಗ್’ ಎಂಬ ಪದವೇ ಇರುತ್ತಿರಲಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಕೆಡವಿದ್ದರು ಎಂಬುದು ನಮ್ಮವರಿಗೆ ತಿಳಿದದ್ದು ವರ್ಷಗಳ ನಂತರ, ಆಚೆ ಕಡೆಯ ದಾಖಲೆಗಳನ್ನು ನೋಡಿದ್ದ ಬ್ರಿಟಿಷ್ ಲೇಖಕನೊಬ್ಬನ ಬರವಣಿಗೆಯಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟು ವರ್ಷ ಯಾರೂ ಹೇಳಲಾಗದ್ದನ್ನು ನೀವು ಒಂದು ಮಧ್ಯಾಹ್ನದಲ್ಲಿ ಕಲ್ಪಿಸಿಬಿಟ್ಟಿದ್ದೀರಿ. ಈ ಎರಡು ಪುಟಗಳನ್ನು ಖಾಲಿ ಬಿಟ್ಟರೂ ನನಗೆ ಅಡ್ಡಿಯಿಲ್ಲ.

ಈಗ ಆರನೆಯ ಪುಟ. ನೀವು ಅವಸರದಲ್ಲಿ ಬರೆದ ಮೂರು ವಾಕ್ಯಗಳು ಅಲ್ಲಿವೆ. ತಂತಿ ಬಂದಾಗ ಮುತ್ತಜ್ಜಿ ಬಸುರಿ. ಆಕೆ ಸಾಯುವವರೆಗೂ ಕುಂಕುಮ ಅಳಿಸಲಿಲ್ಲ. ಅಣೆಕಟ್ಟೆಗಾಗಿ ಊರು ಖಾಲಿ ಮಾಡಿಸಿದಾಗ ಮುತ್ತಜ್ಜನ ತಾಯಿ ಎದ್ದು ಬರಲೊಲ್ಲೆ ಎಂದಳು, ‘ಹುಡುಗ ಬಂದರೆ ಯಾವ ಊರಿಗೆ ಬರಬೇಕು?’ ಎಂದು ಕೇಳಿದಳು. ಅಷ್ಟು ಬರೆದು ನೀವು ಮತ್ತೆ ಭಾರತಾಂಬೆಯ ಕಡೆಗೆ ಓಡಿದ್ದೀರಿ!

ತಂಗಿ, ಲೇಖನ ಇರುವುದೇ ಇಲ್ಲಿ. ಮಗ ಕಾಣೆಯಾದದ್ದು 1944ರಲ್ಲಿ. ಮರುವರ್ಷದ ಫೆಬ್ರುವರಿಯಲ್ಲಿ ತುಂಗಭದ್ರೆಯ ಎರಡೂ ದಡಗಳಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಬಿತ್ತು. 1953ರ ಹೊತ್ತಿಗೆ ನೀರು ನಿಲ್ಲಿಸಿದರು. ಹೊಸ ಊರಿನ ದಾರಿ ಅವನಿಗೆ ಗೊತ್ತಿಲ್ಲ. ಹಳೆಯ ಊರಿನ ಮೇಲೆ ಹಿನ್ನೀರು. ಆ ತಾಯಿಯ ಪ್ರಶ್ನೆಗೆ ಯಾವ ಅಧಿಕಾರಿ ಏನು ಉತ್ತರ ಕೊಟ್ಟಾನು? ಎತ್ತಿನ ಗಾಡಿಗೆ ಅವಳನ್ನು ಹತ್ತಿಸಿದವರು ಯಾರು, ಏನು ಹೇಳಿ ಹತ್ತಿಸಿದರು? ಆ ಬಸಿರಿನ ಕೂಸಾದ ನಿಮ್ಮ ಅಜ್ಜಿಗೆ ಆಗ ಎಂಟೊಂಬತ್ತು ವರ್ಷ. ಆಕೆ ಅದನ್ನು ಕಣ್ಣಾರೆ ಕಂಡವಳು. ಎಂಬತ್ತು ದಾಟಿದ ಸಾಕ್ಷಿಯನ್ನು ಪಕ್ಕದ ಕೋಣೆಯಲ್ಲಿ ಇಟ್ಟುಕೊಂಡು ನೀವು ಸ್ಪಿಟ್‌ಫೈರ್ ಹುಡುಕುತ್ತಾ ಕುಳಿತಿದ್ದೀರಿ.

ಆಕೆಯನ್ನು ಕೇಳಿ. ಇಂಗ್ಲಿಷ್ ತಂತಿಯನ್ನು ಆ ಹಳ್ಳಿಯಲ್ಲಿ ಓದಿ ಹೇಳಿದವರು ಯಾರು? ‘ಮಿಸ್ಸಿಂಗ್’ ಎಂಬ ಪದಕ್ಕೆ ಯಾವ ಕನ್ನಡ ಹೇಳಿದರು? ‘ಕಾಣೆಯಾಗಿದ್ದಾನೆ’ ಎಂದರೆ ಒಂದು ಅರ್ಥ, ‘ಕಳೆದುಹೋಗಿದ್ದಾನೆ’ ಎಂದರೆ ಇನ್ನೊಂದು. ಹುಲಿಗಿ ಜಾತ್ರೆಯಲ್ಲಿ ಕೈತಪ್ಪಿದ ಮಗುವೂ ಕಳೆದುಹೋಗುತ್ತದೆ, ಸಂಜೆಯೊಳಗೆ ಸಿಗುತ್ತದೆ. ಆ ತಾಯಿಗೆ ಯಾವ ಪದ ಕೇಳಿಸಿತು?

ಮುತ್ತಜ್ಜಿಯ ಕುಂಕುಮದ ಪಕ್ಕ ನೀವು ಇಟ್ಟಿರುವ ‘ಪತಿವ್ರತೆ’ಯನ್ನು ತೆಗೆದುಹಾಕಿ. ಆ ಪದ ಬಂದು ಕುಳಿತರೆ ಹೆಂಗಸು ಎದ್ದು ಹೋಗುತ್ತಾಳೆ. ಬದಲಿಗೆ, ಓಣಿಯ ಮದುವೆಗಳಲ್ಲಿ ಅರಿಸಿನ-ಕುಂಕುಮದ ತಟ್ಟೆ ಆಕೆಯ ಎದುರಿಗೆ ಬಂದಾಗ ಏನಾಗುತ್ತಿತ್ತು ಎಂದು ಕೇಳಿ. ಯಾರು ಉಡಿ ತುಂಬಿದರು, ಯಾರು ತಟ್ಟೆಯನ್ನು ಮುಂದಕ್ಕೆ ಒಯ್ದರು? ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವನ ಹೆಸರಿನಲ್ಲೂ ಇಟ್ಟರೆ? ಇಟ್ಟಿದ್ದರೆ ಯಾವ ವರ್ಷದಿಂದ? ಸರ್ಕಾರ ಕೆಲವು ತಿಂಗಳು ಕಾದು, ಸತ್ತನೆಂದು ಭಾವಿಸಿ ಕಡತ ಮುಚ್ಚುತ್ತದೆ. ಮನೆಯೊಳಗೆ ಆ ತೀರ್ಮಾನ ಯಾವಾಗ ಆಯಿತು, ಯಾರು ಮಾಡಿದರು, ಅಥವಾ ಇನ್ನೂ ಆಗಿಲ್ಲವೆ?

‘ಹುತಾತ್ಮ’ ಎಂಬ ಪದದ ಬಗ್ಗೆ ಒಂದು ಮಾತು. ನಾನು ಹೊಸದಾಗಿ ಉಪಸಂಪಾದಕನಾಗಿದ್ದಾಗ, 1971ರ ಯುದ್ಧದಲ್ಲಿ ಕಾಣೆಯಾದ ಯೋಧನೊಬ್ಬನ ಬಗ್ಗೆ ಬಂದ ಸುದ್ದಿಗೆ ಅದೇ ಪದ ಹಾಕಿ ತಲೆಬರಹ ಕೊಟ್ಟೆ. ಗೌರವವೆಂದೇ ಕೊಟ್ಟದ್ದು. ಎರಡು ದಿನಕ್ಕೆ ಆತನ ತಾಯಿ ಬಸ್ಸು ಹತ್ತಿ ಕಚೇರಿಗೆ ಬಂದಳು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಬಿಚ್ಚಿ ಮೇಜಿನ ಮೇಲಿಟ್ಟು, ‘ನಿಮಗೆ ಯಾರು ಹೇಳಿದರು?’ ಎಂದಳು. ಬೈಯಲಿಲ್ಲ. ನನಗೆ ಸುದ್ದಿ ಬಂದಿದೆಯೇನೋ ಎಂದು ತಿಳಿದುಕೊಳ್ಳಲು ಬಂದಿದ್ದಳು. ಅಂದಿನಿಂದ ಆ ಪದ ಕಂಡರೆ ಕೈ ತಡೆಯುತ್ತದೆ.

ಇನ್ನೊಂದು ಸಣ್ಣ ಅನುಮಾನ. ಲೇಖನದುದ್ದಕ್ಕೂ ‘ಮುತ್ತಜ್ಜ’ ಎನ್ನುತ್ತೀರಿ. ನೀವು ಜೊತೆಗಿಟ್ಟ ಫೋಟೋದಲ್ಲಿರುವವನಿಗೆ ಇಪ್ಪತ್ತೆರಡು ದಾಟಿರಲಾರದು. ನಿಮ್ಮ ಅಜ್ಜಿ ಆ ಹುಡುಗನನ್ನು ನೋಡಿ ಏನೆಂದು ಕರೆಯುತ್ತಾರೆ? ‘ಅಪ್ಪ’ ಎಂದೆ? ಹಾಗಿದ್ದರೆ ಅವರ ಬಾಯಿಂದ ಬಂದಂತೆಯೇ ಬರೆಯಿರಿ.

ಐದು ಪುಟ ಸಾಕು, ನಾಲ್ಕಾದರೆ ಇನ್ನೂ ಒಳ್ಳೆಯದು. ನನಗೆ ಅವಸರವಿಲ್ಲ, ಆದರೆ ನಿಮ್ಮ ಅಜ್ಜಿಯ ವಯಸ್ಸನ್ನು ನೀವೇ ಬರೆದಿದ್ದೀರಿ. ಈ ಭಾನುವಾರವೇ ಕುಳಿತು ಕೇಳಿ. ತಂತಿ ಇನ್ನೂ ಪೆಟ್ಟಿಗೆಯಲ್ಲಿದ್ದರೆ ಮೊಬೈಲಿನಲ್ಲಿ ಹಿಂದೆ ಮುಂದೆ ಎರಡೂ ಬದಿಯ ಚಿತ್ರ ತೆಗೆದು ಕಳಿಸಿ. ಮೂಲವನ್ನು ಮಾತ್ರ ಅಂಚೆಗೆ ಹಾಕಬೇಡಿ.

ನಿಮ್ಮ,
ಸಂಪಾದಕ