55 ಗಜ ಹೋಗುವ ಪಂಟ್, ಹ್ಯಾಂಗ್ ಟೈಮ್ ಮಾತ್ರ 3.6 ಸೆಕೆಂಡ್

ಫೂಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ಬಿಟ್ಟು ಅಮೆರಿಕನ್ ಫುಟ್‌ಬಾಲ್‌ಗೆ ಬಂದ ನೀವು, ಪಂಟ್ (ಕೈಬಿಟ್ಟ ಚೆಂಡನ್ನು ನೆಲಕ್ಕೆ ತಾಗುವ ಮೊದಲೇ ಒದೆಯುವ ಕಿಕ್) ದೂರ ಹೋದರೂ ಹ್ಯಾಂಗ್ ಟೈಮ್, ಅಂದರೆ ಚೆಂಡು ಗಾಳಿಯಲ್ಲಿರುವ ಹೊತ್ತು, ಯಾಕೆ ಕಡಿಮೆ ಎಂದು ಕೇಳಿದ್ದೀರಿ. ತೊಂದರೆ ಬಹುಶಃ ಚೆಂಡು ಬಿಡುವ ರೀತಿಯಲ್ಲಿದೆ. 55 ಗಜ ಹೋಗುತ್ತಿದೆ ಅಂದಮೇಲೆ ಕಾಲಿನ ಬಲಕ್ಕೇನೂ ಕೊರತೆಯಿಲ್ಲ, ಜಿಮ್ ಹೆಚ್ಚಿಸಬೇಡಿ. ಫೂಟಿಯಲ್ಲಿ ಓಡುತ್ತಾ, ಮುಂದಕ್ಕೆ ಬಾಗಿ, ಜೊತೆಯಾಟಗಾರನ ಎದೆಗೆ ಒದ್ದು ರೂಢಿ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಂಥ ತಗ್ಗು ಕಿಕ್ ನಿಮ್ಮವರು ತಲುಪುವ ಮೊದಲೇ ರಿಟರ್ನರ್ (ಚೆಂಡು ಹಿಡಿದು ವಾಪಸ್ ಓಡುವ ಎದುರಾಳಿ) ಕೈ ಸೇರುತ್ತದೆ. 45 ಗಜ, 4.5 ಸೆಕೆಂಡ್ ಇದ್ದರೆ ಕೋಚ್‌ಗೆ ಅದೇ ಮೇಲು.

ಮೊದಲು ಒದೆಯದೆ ಬರೀ ಡ್ರಾಪ್ ಮಾಡಿ, ಅಂದರೆ ಚೆಂಡು ಕೈಬಿಡಿ. ನೀವು ಬಲಗಾಲಿನವರಾದರೆ ಚೆಂಡು ಬಲಗೈಯಲ್ಲಿ, ಮೂಗು (ಚೆಂಡಿನ ಮುಂದಿನ ತುದಿ) ತುಸು ಎಡಕ್ಕೆ, ತುಸು ಕೆಳಕ್ಕೆ. ಕೈಬಿಟ್ಟ ಮೇಲೆ ಗಾಳಿಯಲ್ಲಿ ಅದು ತಿರುಗಲೇಬಾರದು. ಫೋನನ್ನು ಪಕ್ಕದಲ್ಲಿಟ್ಟು ಸ್ಲೋ ಮೋಷನ್‌ನಲ್ಲಿ ನೋಡಿ. ಮೂಗು ಮೇಲೆದ್ದರೆ ಸ್ಪೈರಲ್ (ಚೆಂಡು ತನ್ನ ಉದ್ದದ ಅಕ್ಷದ ಸುತ್ತ ತಿರುಗುವುದು) ಕಟ್ಟುವುದಿಲ್ಲ.

ಡ್ರಾಪ್ ಹಿಡಿತಕ್ಕೆ ಬಂದಮೇಲೆ ಒಂದೇ ಹೆಜ್ಜೆಯ ಕಿಕ್. ಬೆರಳು ಚಾಚಿ, ಪಾದದ ಮೇಲಿನ ಗಟ್ಟಿ ಮೂಳೆಗೆ ತಾಗಲಿ, ಬೆನ್ನು ನೆಟ್ಟಗಿರಲಿ. ಎದೆ ಮುಂದೆ ಬಾಗಿತೋ, ಚೆಂಡು ತಗ್ಗಿತು.

ಕೊನೆಗೆ ಎರಡು ಹೆಜ್ಜೆ, ಗಡಿಯಾರ ಹಿಡಿದು. ಸ್ನ್ಯಾಪ್ (ಆಟ ಶುರುಮಾಡಲು ಹಿಂದಕ್ಕೆ ಎಸೆದ ಚೆಂಡು) ಕೈ ಸೇರಿದಾಗಿನಿಂದ ಕಾಲಿಗೆ ತಾಗುವವರೆಗೆ ಸುಮಾರು 1.3 ಸೆಕೆಂಡ್. ಫೂಟಿಯಿಂದ ಬಂದವರು ಇನ್ನೊಂದು ಹೆಜ್ಜೆ ಸೇರಿಸಿಬಿಡುತ್ತಾರೆ, ಎದುರಾಳಿ ನುಗ್ಗಿ ಕಿಕ್ ತಡೆಯುವುದೇ (ಬ್ಲಾಕ್) ಅಲ್ಲಿ.

ಫೂಟಿಯ ಡ್ರಾಪ್ ಪಂಟ್ ಮರೆಯಬೇಡಿ. ಮೈದಾನದ ಮಧ್ಯದಿಂದ ಎದುರಾಳಿಯ 10 ಗಜದೊಳಗೆ ಇಳಿಸಲು ಹಿಮ್ಮುಖವಾಗಿ ಸುತ್ತುವ ಆ ಕಿಕ್ಕೇ ಬೇಕು. ಫೂಟಿಯಿಂದ ಬಂದು 1995ರಿಂದ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಚಾರ್ಜರ್ಸ್ ತಂಡಕ್ಕೆ ಆಡಿದ ಡ್ಯಾರೆನ್ ಬೆನೆಟ್ ಹೆಸರು ಮಾಡಿದ್ದೂ ಅದರಿಂದಲೇ. ಡ್ರಾಪ್ ಸರಿಯಿದ್ದೂ 4 ಸೆಕೆಂಡ್ ದಾಟದಿದ್ದರೆ ಪಕ್ಕದಿಂದ ತೆಗೆದ ವಿಡಿಯೊ ಹಾಕಿ, ನೋಡದೆ ಅದಕ್ಕಿಂತ ಹೆಚ್ಚು ಹೇಳಲಾಗದು.